ಅಪ್ಪನಿಗೆ ಉಳಿದ ವರ್ಣಮಾಲೆ

ಎರಡು ಸಾವಿರದ ಇಸವಿಯ ಆಸುಪಾಸು. ಚುಂಚನಕಟ್ಟೆ ನಾಲೆಗೆ ನೀರು ಬಿಟ್ಟು, ನಮ್ಮ ಗದ್ದೆಯಲ್ಲಿ ನಾಟಿ ಮುಗಿದಿತ್ತು. ಆಗ ಅಪ್ಪನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋದವು. ಮಾತೂ ಹೋಯಿತು. ಪಾರಿವಾಳದ ರಕ್ತ ತಿಕ್ಕಿ ಎಂದರು ಊರಿನವರು. ಅದನ್ನೂ ತಿಕ್ಕಿದ್ದಾಯಿತು. ಕಾಲಿಗೆ ತುಸು ಬಲ ಬಂತು, ಪಾರಿವಾಳದ ಪುಣ್ಯವೋ ಮೈಸೂರಿನ ಡಾಕ್ಟರ ಮಾತ್ರೆಯೋ ನಾನರಿಯೆ. ಬಾಯಿಂದ ಮಾತ್ರ ಗೊರಗೊರ ಸದ್ದು ಬಿಟ್ಟು ಬೇರೇನೂ ಹೊರಡಲಿಲ್ಲ.

ನಮ್ಮಪ್ಪ ಮೊದಲಿಂದಲೂ ಬಾಯಿಬಡುಕ. ನೀರಿನ ಸರದಿಗೆ ನಾಲೆ ಏರಿಯ ಮೇಲೆ ನಿಂತು ಜಗಳ ತೆಗೆದರೆ ಪಕ್ಕದೂರಿಗೂ ಕೇಳುತ್ತಿತ್ತು. ಅಂಥವನು ಲೋಟದ ಕಡೆ ಕೈ ತೋರಿಸಿ ಅಳುವುದನ್ನು ನೋಡಿ ನನಗೆ ದೇವರ ಮೇಲೆ ಸಿಟ್ಟು ಬಂತು. ನೋಡಲು ಬಂದು, ಕಾಫಿ ಕುಡಿದು, ಎಲ್ಲ ಹಿಂದಿನ ಜನ್ಮದ್ದು ಎಂದು ಎದ್ದುಹೋದ ನೆಂಟರ ಮೇಲೆ ಇನ್ನೂ ಹೆಚ್ಚು ಬಂತು. ಅವ್ವನಿಗೆ ಯಾರ ಮೇಲೂ ಸಿಟ್ಟಿರಲಿಲ್ಲ. ಅವಳಿಗಿದ್ದದ್ದು ಒಂದೇ ಆಸೆ. ಹೆಂಡತಿಯ ಹೆಸರು ಹಿಡಿದು ಕರೆಯುವ ಪದ್ಧತಿ ನಮ್ಮಲ್ಲಿಲ್ಲ. ಅಪ್ಪ ಗದ್ದೆಯಿಂದ ಬಂದವನೇ ಕಾಲು ತೊಳೆಯುವ ಮೊದಲು "ಲೇ, ಇವಳೇ" ಎಂದು ಕೂಗುತ್ತಿದ್ದ. ಅವ್ವ ಹಿತ್ತಿಲಲ್ಲಿದ್ದರೂ "ಬಂದೆ ಕಣ್ರೀ" ಎನ್ನುತ್ತಿದ್ದಳು.

"ಇನ್ನೇನೂ ಮಾತಾಡೋದ್ ಬ್ಯಾಡ ಕಣವ್ವ. ಒಂದ್ಸಲ ಅಂಗೆ ಕರುದ್ರೆ ಸಾಕು ನಂಗೆ" ಎಂದು ನನ್ನ ಹತ್ತಿರ ಹೇಳಿಕೊಂಡಳು.

ನಾನು ಆಗ ಹುಣಸೂರಿನ ಒಂದು ಶಾಲೆಯಲ್ಲಿ ಟೀಚರಾಗಿದ್ದೆ. ದಸರಾ ರಜೆಗೆ ಮಗಳನ್ನು ಕರೆದುಕೊಂಡು ಊರಿಗೆ ಬಂದಿದ್ದೆ. ಅವಳು ಒಂದನೇ ಕ್ಲಾಸು. ಜಗಲಿಯ ಮೇಲೆ ಕೂತು ಅ ಆ ಇ ಈ ಎಂದು ಗಂಟಲು ಹರಿಯುವಂತೆ ಒಪ್ಪಿಸುತ್ತಿದ್ದಳು. ಪಕ್ಕದಲ್ಲಿ ಕಂಬಕ್ಕೆ ಒರಗಿಸಿ ಕೂರಿಸಿದ್ದ ಅಪ್ಪ ಇದ್ದಕ್ಕಿದ್ದಂತೆ "ಉ ಊ" ಎಂದ. ಸೊಪ್ಪು ಸೋಸುತ್ತಿದ್ದ ನಾನು ಮೊರ ಕೆಳಗಿಟ್ಟೆ. "ರು ರೂ ಲು ಲೂ" ಎಂದು ಅಪ್ಪ ಮುಂದೆ ಹೋದ. ಒಂದು ಕಡೆಯೂ ತಡವರಿಸದೆ, ರಾಗವಾಗಿ, ಳ ಬರುವ ತನಕ ಹೇಳಿ ಮುಗಿಸಿದ.

"ತಾತ, ಲು ಲೂ ಎಲ್ಲಾ ಇಲ್ಲ! ನೀನು ತಪ್ಪು ಹೇಳ್ತಿದೀಯ" ಎಂದು ಮಗಳು ಜಗಳಕ್ಕೆ ನಿಂತಳು.

ಅವಳ ಪುಸ್ತಕದಲ್ಲಿ ಋ ಆದ ಮೇಲೆ ನೇರ ಎ. ಅಪ್ಪ ಕಲಿತದ್ದು ಊರಿನ ಜಗಲಿ ಮಠದಲ್ಲಿ, ಮರಳಿನ ಮೇಲೆ ಬೆರಳಲ್ಲಿ ತಿದ್ದಿ. ಅಲ್ಲಿ ಋ ೠ ಌ ೡ ನಾಲ್ಕೂ ಇದ್ದವು. ಸಂಸ್ಕೃತದ ಸಾಲಿನ ಜೊತೆಯಲ್ಲಿ ಬಂದ ಅಕ್ಷರಗಳು. ೠ ಹುಡುಕಿದರೆ ಪಿತೄಣ ಎಂಬಂಥ ಒಂದೆರಡು ಪದ ಸಿಗುತ್ತವೆ. ಌ ಅಕ್ಷರಕ್ಕೆ ಸಂಸ್ಕೃತದಲ್ಲೇ ಒಂದು ಧಾತು ಇದೆ ಅಷ್ಟೆ. ೡ ಅಕ್ಷರಕ್ಕೆ ಅದೂ ಇಲ್ಲ. ಹ್ರಸ್ವಕ್ಕೊಂದು ದೀರ್ಘ ಜೊತೆಗಿರಲಿ ಎಂದು ವ್ಯಾಕರಣದವರು ತಂದು ಕೂರಿಸಿದ್ದು. ಹಳಗನ್ನಡದ ಱ, ೞ ಹಾಗಲ್ಲ. ನೂರು, ಮಳೆ, ಬಾಳೆ ಎಂಬ ಪದಗಳನ್ನೆಲ್ಲ ಬರೆಯಲು ದುಡಿದವು, ಶಾಸನದ ಕಲ್ಲುಗಳಲ್ಲಿ ಈಗಲೂ ಇವೆ. ದುಡಿದವು ಬೇಗ ಹೋದವು. ಒಂದು ದಿನವೂ ಕೆಲಸ ಮಾಡದ ೡ ಮಾತ್ರ ಪಂಕ್ತಿ ತಪ್ಪಿಸದೆ ಕೂತಿತ್ತು, ಪಠ್ಯಪುಸ್ತಕದವರು ಎಬ್ಬಿಸಿ ಕಳಿಸುವ ತನಕ. ನಾನೂ ಮಕ್ಕಳಿಗೆ ಅದನ್ನು ಕಲಿಸಿದವಳಲ್ಲ.

ಅವ್ವನಿಗೆ ಓದು ಬರಹ ಇಲ್ಲ. ಅವಳಿಗೆ ಕೇಳಿಸಿದ್ದು ಗಂಡನ ದನಿ. ಒದ್ದೆ ಕೈಯಲ್ಲೇ ಹಿತ್ತಿಲಿಂದ ಓಡಿಬಂದು "ಮಾತು ಬಂತು ಕಣೆ!" ಎಂದು ನನ್ನನ್ನು ತಬ್ಬಿಕೊಂಡಳು. ತೋರಿಸಲು ಕರೆದುಕೊಂಡು ಹೋದಾಗ, ಬಾಯಿಪಾಠ ಬೇರೆ, ಮಾತು ಬೇರೆ, ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ ಎಂದರು ಮೈಸೂರಿನ ಡಾಕ್ಟರು. "ಬಿತ್ನೆ ಐತಲ್ಲ ಸ್ವಾಮಿ, ಪೈರು ಬರ್ದೆ ಎಲ್ಲೋಯ್ತದೆ?" ಎಂದಳು ಅವ್ವ.

ಅಂದಿನಿಂದ ದಿನಾ ಬೆಳಿಗ್ಗೆ ಅಪ್ಪನ ಮುಖ ತೊಳೆಸಿ, ಎದುರಿಗೆ ಕೂತು "ಅ" ಎನ್ನುವಳು. ಅಪ್ಪ ಅಲ್ಲಿಂದ ಹಿಡಿದು ಹೊರಡುವನು. ಕೇಳಿ ಕೇಳಿ ಅವಳಿಗೂ ಅಷ್ಟೂ ಬಾಯಿಗೆ ಬಂತು, ಲು ಲೂ ಸಮೇತ. ರಜೆ ಮುಗಿದ ಮೇಲೂ ನಾನು ಮಗಳೊಂದಿಗೆ ವಾರವಾರ ಊರಿಗೆ ಬರುತ್ತಿದ್ದೆ. ಬರಬರುತ್ತಾ ಅಪ್ಪ ಅಕ್ಷರಗಳಲ್ಲೇ ಮಾತಾಡತೊಡಗಿದ. ನೀರು ಬೇಕಾದರೆ ಮೆಲ್ಲಗೆ ಅ ಆ. ಸಾರಿಗೆ ಉಪ್ಪು ಕಮ್ಮಿಯಾದರೆ ಕ ಖ ಗ ಘ ಎಂದು ನಾಲೆ ಏರಿಯ ದನಿಯಲ್ಲಿ ಗದರುವನು. ನಾವು ಬಿದ್ದು ಬಿದ್ದು ನಕ್ಕೆವು, ಅಪ್ಪನೂ ನಕ್ಕ. ಪಾಠ ಮುಗಿದ ಮೇಲೆ ಮಾತ್ರ ಅವ್ವ ಬಿಡುತ್ತಿರಲಿಲ್ಲ.

"ಈಗ ಕರೀರಿ. ಲೇ ಅನ್ರೀ, ಲೇ."

ಅಪ್ಪ ಅವಳ ಮುಖ ನೋಡುವನು. ತುಟಿ ಕೂಡಿಸುವನು. ಹಣೆಯಲ್ಲಿ ಬೆವರು ಒಡೆಯುವುದು. ಆಮೇಲೆ ಬರುತ್ತಿದ್ದದ್ದು ಮತ್ತೆ ಅ, ಆ. ತಾನು ಅನ್ನಬೇಕಾದ್ದು ಅದಲ್ಲವೆಂದು ಅವನಿಗೆ ಗೊತ್ತಾಗುತ್ತಿತ್ತು, ಕಣ್ಣು ತುಂಬಿಕೊಳ್ಳುತ್ತಿತ್ತು. "ಇರ್ಲಿ ಬುಡಿ, ನಾಳೆ ಕರೀವ್ರಂತೆ" ಎಂದು ಅವ್ವ ಸೆರಗಿನಿಂದ ಅವನ ಬಾಯಿ ಒರೆಸುವಳು. ಅದನ್ನು ನೋಡುತ್ತಾ ನಿಲ್ಲುವುದು ನನ್ನಿಂದಾಗುತ್ತಿರಲಿಲ್ಲ, ಎದ್ದು ದನದ ಕೊಟ್ಟಿಗೆಗೆ ಹೋಗಿ ಅತ್ತು ಬರುತ್ತಿದ್ದೆ.

ಒಕ್ಕಣೆಯ ಹೊತ್ತಿಗೆ ಇನ್ನೊಂದು ಸಲ ಹೊಡೆಯಿತು. ಆಮೇಲೆ ಸಾಲು ಕಡಿಮೆಯಾಗುತ್ತಾ ಬಂತು. ಮೊದಲು ಯ ರ ಲ ವ ಹೋದವು, ಆಮೇಲೆ ವ್ಯಂಜನಗಳೆಲ್ಲ ಹೋದವು. ನಾನು ರಜೆ ಹಾಕಿ ಊರಲ್ಲೇ ಉಳಿದೆ. ಒಂದು ಬೆಳಿಗ್ಗೆ ಅವ್ವ ಎಂದಿನಂತೆ "ಅ" ಎಂದಳು. ಅಪ್ಪ ಬಹಳ ಹೊತ್ತಾದ ಮೇಲೆ ಶುರು ಮಾಡಿದ. ಅ ಆ ಇ ಈ ಉ ಊ ದಾಟಿತು. ರು, ರೂ, ಲು. ಲೂ ಎಂದು ಉಸಿರು ಎಳೆದು ನಿಂತುಬಿಟ್ಟ.

"ಎ ಅನ್ನಿ" ಎಂದಳು ಅವ್ವ. "ಎ, ಏ. ಇನ್ನೇನು ಬಂದ್ಬುಡ್ತು, ಅನ್ನಿ."

ಅಪ್ಪ ಅವಳನ್ನೇ ನೋಡುತ್ತಿದ್ದ. ಎಡಗೈ ಅವಳ ಮಂಡಿಯ ಮೇಲಿತ್ತು. ಎ ಬರಲಿಲ್ಲ. ಬಿಸಿಲು ಜಗಲಿಗೆ ಏರುವ ಹೊತ್ತಿಗೆ ಆ ಕೈ ತಣ್ಣಗಾಗಿತ್ತು. ನಾನು ಬಗ್ಗಿ ಅಪ್ಪನ ಕಣ್ಣು ಮುಚ್ಚಿಸಿ, ತಡೆಯಲಾರದೆ ಅಳತೊಡಗಿದೆ. ಅವ್ವ ಅಳಲಿಲ್ಲ. ಅವನ ಬಾಯನ್ನೇ ನೋಡುತ್ತಾ ನನ್ನ ಕಡೆ ಕೈ ಅಡ್ಡ ಹಿಡಿದಳು.

"ಸುಮ್ಕಿರವ್ವ, ಈಗ ಕರೀತಾರೆ."