ಬರಿಹೊಟ್ಟೆಯ ಗುಳಿಗೆ

ಮದುವೆಯಾಗಿ ಹುಣಸಗಿಗೆ ಬಂದ ಎರಡನೇ ವರ್ಷ, ಬಸಿರಿ ಎಂದು ಗೊತ್ತಾದ ದಿನವೇ ಥೈರಾಯ್ಡ್ ಕಡಿಮೆ ಇದೆ ಎಂದೂ ಗೊತ್ತಾಯಿತು. ಖುಷಿಪಡಲು ಪುರುಸೊತ್ತೇ ಸಿಗಲಿಲ್ಲ. ಸುರಪುರದ ಡಾಕ್ಟರಬಾಯಿ ರಕ್ತದ ಚೀಟಿ ನೋಡಿ, ಮೊದಲ ತಿಂಗಳುಗಳಲ್ಲಿ ಕೂಸಿಗೆ ಬೇಕಾದ ಥೈರಾಯ್ಡ್ ಹಾರ್ಮೋನು ತಾಯಿಯಿಂದಲೇ ಹೋಗಬೇಕು, ಅದರ ಮಿದುಳು ಬೆಳೆಯಲು ಅದು ಬೇಕೇ ಬೇಕು, ಒಂದು ದಿನವೂ ಗುಳಿಗೆ ತಪ್ಪಿಸಬೇಡಿ ಎಂದರು. ನಾನು ಶಾಲೆಯಲ್ಲಿ ಪಾಠ ಹೇಳುವವಳು. ಮಿದುಳು ಎಂದೊಡನೆ, ಎಷ್ಟು ಹೇಳಿಕೊಟ್ಟರೂ ಅಕ್ಷರ ಹಿಡಿಯದೆ ನನ್ನನ್ನೇ ಪಿಳಿಪಿಳಿ ನೋಡುವ ಒಂದೆರಡು ಮಕ್ಕಳ ಮುಖ ಕಣ್ಣ ಮುಂದೆ ಬಂತು. ಬಸ್ಸು ಹುಣಸಗಿ ಮುಟ್ಟುವವರೆಗೂ ಗುಳಿಗೆಯ ಚೀಟಿಯನ್ನೇ ಮತ್ತೆ ಮತ್ತೆ ಓದಿದೆ.

"ಮುಂಜಾನೆ ಎದ್ದ ಕೂಡ್ಲೆ ಖಾಲಿ ಹೊಟ್ಟೀಲೆ ತಗೋಬೇಕಂತ್ರಿ," ಎಂದು ಅತ್ತೆಗೆ ಹೇಳಿದೆ. ಅವರು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದರು.

"ಹೊಟ್ಟೀಲೆ ಇದ್ದಾಕಿ ಖಾಲಿ ಹೊಟ್ಟಿ ಅಂತ ಬಾಯಾಗ ಆಡ್ತಾರೇನ? ಬಿಡ್ತು ಅನ್ನು."

ನಮ್ಮ ಕಡೆ ಬಸಿರಿಯನ್ನು 'ಹೊಟ್ಟೀಲೆ ಅದಾಳ' ಎನ್ನುತ್ತಾರೆ. ಅಂಥವಳ ಹೊಟ್ಟೆ ಖಾಲಿ ಎಂದರೆ ಶಾಪ ಹಾಕಿದ ಹಾಗೆ. ನಾನು ಬಿಡ್ತು ಅಂದೆ. ಮರುದಿನದಿಂದ ಅತ್ತೆ ಗುಳಿಗೆಯ ಜೊತೆ ಅರ್ಧ ಲೋಟ ಬಿಸಿ ಹಾಲು ಕೊಡತೊಡಗಿದರು. ಹಾಲು ಕುಡಿದರೆ ಹೊಟ್ಟೆ ಖಾಲಿಯಲ್ಲ, ರೊಟ್ಟಿ ತಿಂದಿಲ್ಲವಾದ್ದರಿಂದ ತುಂಬಿದ್ದೂ ಅಲ್ಲ. ಡಾಕ್ಟರ ಮಾತೂ ಉಳಿಯಿತು, ಅಪಶಕುನವೂ ತಪ್ಪಿತು ಎಂಬುದು ಅವರ ತೀರ್ಮಾನ. ಮಕ್ಕಳಿಗೆ ವಿಜ್ಞಾನ ಹೇಳುವ ನಾನು ತುಟಿಪಿಟಕ್ಕೆನ್ನದೆ ಕುಡಿದೆ. ನೆನೆದರೆ ಈಗಲೂ ನನ್ನ ಮೇಲೆ ಸಿಟ್ಟು ಬರುತ್ತದೆ.

ಆ ಮಳೆಗಾಲ ನಾರಾಯಣಪುರದಿಂದ ಕಾಲುವೆಗೆ ನೀರು ಬಿಟ್ಟರು. ಹೊಲದವರಿಗೆ ಸಂಭ್ರಮ, ನಮ್ಮ ಓಣಿಯ ನಲ್ಲಿಯಲ್ಲಿ ಕೆಂಪು ನೀರು. ನನಗೆ ಭೇದಿ ಹಿಡಿಯಿತು. ಹತ್ತಿರದ ದವಾಖಾನೆಯಲ್ಲಿ, ಬಸಿರಿಗೆ ನಡೆಯುವಂಥದ್ದೇ ಎಂದು ಆ್ಯಂಟಿಬಯಾಟಿಕ್ ಬರೆದುಕೊಟ್ಟರು. ಭೇದಿ ನಿಂತಿತು, ಆದರೆ ಹೊಟ್ಟೆ ಉಬ್ಬರ ಹೋಗಲಿಲ್ಲ. ಕೂದಲು ಹಿಡಿಹಿಡಿಯಾಗಿ ಬಾಚಣಿಗೆಗೆ ಬರತೊಡಗಿತು. ಹಾಜರಿ ಕೂಗುತ್ತಲೇ ಕುರ್ಚಿಯಲ್ಲಿ ತೂಕಡಿಸಿದೆ. ಅತ್ತೆಯ ಜೊತೆ ಸುರಪುರಕ್ಕೆ ಹೋಗಿ ಮತ್ತೆ ರಕ್ತ ಕೊಟ್ಟೆ. ಥೈರಾಯ್ಡ್ ಮೊದಲಿಗಿಂತ ಕೆಟ್ಟಿತ್ತು.

"ಗುಳಿಗಿ ತಪ್ಪಿಸೀರೇನು?" ಡಾಕ್ಟರಬಾಯಿ ಕೇಳಿದರು.

"ಒಂದು ದಿನಾನೂ ಇಲ್ರಿ."

ಅವರು ಹೊಟ್ಟೆಯ ವಿಚಾರವನ್ನೆಲ್ಲ ಕೇಳಿದರು. ಕರುಳಿನಲ್ಲಿ ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾಗಳ ದೊಡ್ಡ ಸಂಸಾರವೇ ಇರುತ್ತದೆ, ನುಂಗಿದ ಗುಳಿಗೆ ರಕ್ತಕ್ಕೆ ಸೇರುವುದೂ ಕರುಳಿನಿಂದಲೇ, ಆ ಸಂಸಾರಕ್ಕೂ ಥೈರಾಯ್ಡಿಗೂ ನಂಟಿದೆ ಎನ್ನುತ್ತಾರೆ, ಎಷ್ಟು ಎಂಬುದು ಇನ್ನೂ ಪೂರ್ತಿ ತಿಳಿದಿಲ್ಲ ಎಂದರು. "ಭೇದಿಗಿ ತಗೊಂಡ ಔಷಧಕ್ಕ ಹೊಟ್ಯಾಗಿನ ಒಳ್ಳೇ ಜೀವಗೋಳೂ ಸತ್ತಿರಬೇಕು."

"ಜೀವ ಅಂದ್ರ? ಕೂಸೇನ್ರಿ?" ಎಂದು ಕಿರುಚಿಬಿಟ್ಟೆ.

ಅವರು ಪಾಪ, ಅಲ್ಲವೇ ಅಲ್ಲ ಎಂದು ಮಂಚದ ಮೇಲೆ ಮಲಗಿಸಿ ಕೂಸಿನ ಎದೆಬಡಿತ ಕೇಳಿಸಿದರು. ಕೇಳಿದ ಮೇಲೂ ಇನ್ನೊಮ್ಮೆ ಕೇಳಿಸಿರಿ ಎಂದೆ.

"ಗುಳಿಗಿ ಹ್ಯಾಂಗ ತಗೊಂತೀರಿ?"

"ಹಾಲಿನ್ಯಾಗ್ರಿ," ಅತ್ತೆ ಅಭಿಮಾನದಿಂದ ಹೇಳಿದರು. "ದಿನಾ ನಾನೇ ಕೈಯಾರ ಕೊಡ್ತೀನ್ರಿ."

ಡಾಕ್ಟರಬಾಯಿ ಪೆನ್ನು ಕೆಳಗಿಟ್ಟರು. ಹಾಲು ಈ ಗುಳಿಗೆಯನ್ನು ಮೈಗೆ ಹತ್ತಗೊಡುವುದಿಲ್ಲ. ಬರೀ ನೀರಿನಲ್ಲಿ ನುಂಗಿ ಒಂದು ತಾಸು ಏನೂ ಮುಟ್ಟಬಾರದು. ಬ್ಯಾಕ್ಟೀರಿಯಾ ಎಷ್ಟು ಕೆಡಿಸಿದವೋ, ಹಾಲೆಷ್ಟು ಕೆಡಿಸಿತೋ ಹೇಳಲಾಗದು ಎಂದು ಗುಳಿಗೆಯ ಪ್ರಮಾಣ ಹೆಚ್ಚಿಸಿದರು. ಕೂಸಿಗೆ ಏನಾದರೂ ಆಗಿದೆಯೇ ಎಂದು ಕೇಳಿದೆ. "ಆಗಿರ್ಲಿಕ್ಕಿಲ್ಲ," ಎಂದರು. ಆಗಿಲ್ಲ ಎನ್ನಲಿಲ್ಲ.

ಬಸ್ಸಿನಲ್ಲಿ ಅತ್ತೆ ಕೇಳಿದರು: "ನಾ ಕೂಸಿನ ಬಾಯಿಗಿ ಮಣ್ಣ ಹಾಕಿದ್ನೇನವಾ?" ಇಲ್ಲ ಅನ್ನಬೇಕಿತ್ತು. ನಾನು ಕಿಟಕಿಯ ಕಡೆ ಮುಖ ತಿರುಗಿಸಿದೆ.

ಮುಂದಿನ ತಪಾಸಣೆಗಳಲ್ಲಿ ರಕ್ತ ಸರಿಹೋಗುತ್ತ ಬಂತು. ಮಗಳು ಹುಟ್ಟಿದಳು. ಹಿಮ್ಮಡಿಗೆ ಸೂಜಿ ಚುಚ್ಚಿ ಅವಳ ರಕ್ತವನ್ನೂ ನೋಡಿದರು, ಏನೂ ಕೊರತೆಯಿಲ್ಲ ಎಂದರು. ಎಲ್ಲರೂ ನಂಬಿದರು. ನಾನು ಅವಳು ಮಗ್ಗುಲಾದ ದಿನ, ಕೂತ ದಿನ, ಅವ್ವ ಅಂದ ದಿನಗಳನ್ನು ಓಣಿಯ ಬೇರೆ ಕೂಸುಗಳ ಜೊತೆ ತೂಗುತ್ತ ಉಸಿರು ಹಿಡಿದುಕೊಂಡೇ ಬದುಕಿದೆ.

ಎರಡನೇ ತರಗತಿಯಲ್ಲಿದ್ದಾಗ ಒಂದು ಸಂಜೆ ಮಗ್ಗಿ ಒಪ್ಪಿಸುತ್ತಿದ್ದಳು. ಏಳೆಂಟ್ಲೆ ಐವತ್ನಾಲ್ಕು ಅಂದಳು. ತಿದ್ದಿದೆ. ಮತ್ತೆ ಐವತ್ನಾಲ್ಕು. ಮೂರನೇ ಸಲವೂ ಅದೇ ಬಂದಾಗ, ಏಳು ವರ್ಷ ಹೆದರಿ ಕಾದಿದ್ದು ಬಂದೇಬಿಟ್ಟಿತು ಅನ್ನಿಸಿತು. ಅವಳ ಕೆನ್ನೆಗೆ ಬಾರಿಸಿದೆ.

ಅತ್ತೆ ಓಡಿ ಬಂದರು. "ಯಾಕ ಹೊಡದಿ?"

"ತಲಿಗಿ ಹತ್ತವಲ್ದು," ಎಂದೆ. ಅತ್ತೆ ಅಲ್ಲೇ ನೆಲಕ್ಕೆ ಕುಸಿದು ಕೂತರು. ಅವರೂ ಅದನ್ನೇ ಕಾಯುತ್ತಿದ್ದರು ಎಂದು ಆಗ ಗೊತ್ತಾಯಿತು.

"ಅವ್ವಾ," ಮಗಳು ಬಿಕ್ಕುತ್ತ ಹೇಳಿದಳು, "ಅದು ನಮ್ಮ ಕ್ಲಾಸಿನ್ಯಾಗ ಯಾರಿಗೂ ಬರಂಗಿಲ್ಲ."

ನಿಜ. ವರ್ಷಾನುಗಟ್ಟಲೆ ಮಗ್ಗಿ ಹೇಳಿಕೊಟ್ಟ ನಾನು ಏಳೆಂಟ್ಲೆಯಲ್ಲಿ ಎಡವದ ಮಗುವನ್ನು ಕಂಡೇ ಇಲ್ಲ. ಅವಳ ಕೆನ್ನೆಯ ಮೇಲೆ ನನ್ನ ನಾಲ್ಕು ಬೆರಳು ಕೆಂಪಗೆ ಮೂಡಿದ್ದವು. ಅವಳಿಗೆ ನನ್ನಿಂದ ಆದ ಹಾನಿ ಅದೊಂದೇ.