ದಸ್ತಗೀರ್ ಚಾಚಾರ ನಿಧಾನ

ದಸ್ತಗೀರ್ ಚಾಚಾ ಆಂಬುಲೆನ್ಸನ್ನು ರಸ್ತೆ ನೋಡಿ ಎಷ್ಟು ಓಡಿಸುತ್ತಿದ್ದರೋ, ಹಿಂದೆ ಮಲಗಿದವರ ಎದೆಬಡಿತದ ಮಷೀನಿನ ಸದ್ದು ಕೇಳಿ ಅಷ್ಟೇ ಓಡಿಸುತ್ತಿದ್ದರು. ಬೆನ್ನ ಹಿಂದಿನ ಕಿಟಕಿ ಸದಾ ತೆರೆದಿರುತ್ತಿತ್ತು. ವಿಜಯಪುರದ ಕಡೆಯವರು, ಗೋವಾದ ಕುಂಡಯಿಯಲ್ಲಿ ನಮ್ಮ ಚಾಳಿನ ಕೊನೆಯ ಖೋಲಿ ಅವರದು. ಎಂದೂ ಗಡಿಬಿಡಿ ಮಾಡಿದವರಲ್ಲ. "ಚಾಚಾನ ಗಾಡಿ ಬರೋದ್ರಾಗ ಜ್ವರ ತಾನ ಬಿಡತೈತಿ" ಎಂದು ನಾವು ನಗುತ್ತಿದ್ದೆವು. ಅವರೂ ನಗುತ್ತಿದ್ದರು.

ನಾನೂ ತಮ್ಮ ಈರಣ್ಣನೂ ಮೀನು ಹೆಪ್ಪುಗಟ್ಟಿಸುವ ಕಾರ್ಖಾನೆಯಲ್ಲಿದ್ದೆವು. ಒಂದು ಮಧ್ಯಾಹ್ನ ಕೋಲ್ಡ್ ರೂಮಿನ ಬಾಗಿಲು ಸಿಕ್ಕಿಕೊಂಡು ಅವನು ಒಳಗೇ ಉಳಿದ. ಊಟಕ್ಕೆ ಹೋಗಿರಬೇಕೆಂದು ನಾವು ಹುಡುಕಲೇ ಇಲ್ಲ. ಸಂಜೆ ಬಾಗಿಲು ತೆಗೆಸಿದಾಗ ಮೈ ಮರಗಟ್ಟಿತ್ತು, ನಾಡಿ ಕೈಗೆ ಸಿಗಲಿಲ್ಲ. ಊರಲ್ಲಿ ಥಂಡಿ ಹತ್ತಿದವರಿಗೆ ಮಾಡುವಂತೆ ಅವನನ್ನು ಎಬ್ಬಿಸಿ ಕೂರಿಸಿ, ಬಿಸಿ ಎಣ್ಣೆ ಹಚ್ಚಿ ಅಂಗಾಲು ತಿಕ್ಕತೊಡಗಿದೆವು. ಅಷ್ಟರಲ್ಲಿ ಯಾರೋ ಫೋನು ಮಾಡಿ ಕರೆಸಿದ್ದ ಆಂಬುಲೆನ್ಸಿನಲ್ಲಿ ಚಾಚಾ ಬಂದರು. ಅವರು ದನಿ ಎತ್ತರಿಸಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

"ತಿಕ್ಕಬ್ಯಾಡ್ರಿ! ಅಡ್ಡ ಮಲಗಸ್ರಿ. ಥಂಡಿ ಕುಂತ ಎದಿ ಅದು, ಝಟಕಾ ತಡಿಯಂಗಿಲ್ಲ."

ಅಲುಗಿಸದೆ ಚಾದರದಲ್ಲಿ ಎತ್ತಿ ಗಾಡಿಗೆ ಹಾಕಿದೆವು. ಗಾಡಿಯಲ್ಲಿದ್ದ ನರ್ಸ್ ಮಷೀನು ಹಚ್ಚಿದಾಗ ಒಂದು ಬೀಪ್ ಬಂತು. ಇನ್ನೊಂದು ಬರುವಷ್ಟರಲ್ಲಿ ನನ್ನ ಜೀವ ಬಾಯಿಗೆ ಬಂದಿತ್ತು. ಗಾಡಿಯೋ, ಪ್ರತಿ ಗುಂಡಿಯ ಮುಂದೂ ನಿಂತು, ಮೆಲ್ಲಗೆ ಇಳಿದು, ಮೆಲ್ಲಗೆ ಹತ್ತುತ್ತಿತ್ತು.

"ಚಾಚಾ, ಜಲ್ದಿ ಹೊಡೀರಿ, ತಮ್ಮ ಹೊಂಟಾನ!"

"ಹೊಂಟಿಲ್ಲಪಾ, ಬಡ್ಯಾಕತ್ತೈತಿ. ಅದು ಬಡಿಯೂತನಕ ನಾ ಗಡಿಬಿಡಿ ಮಾಡಂಗಿಲ್ಲ."

ಬಾಯಿಗೆ ಬಂದದ್ದೆಲ್ಲ ಬೈದೆ. ಆಸ್ಪತ್ರೆ ಮುಟ್ಟಿದ ಕೂಡಲೇ ಗಾಡಿಯ ಮೇಲೆ ಬರೆದಿದ್ದ ನಂಬರಿಗೆ ಫೋನು ಮಾಡಿ ದೂರು ಕೊಟ್ಟೆ. ಆಮೇಲೆ ಡಾಕ್ಟರು ಹೊರಗೆ ಬಂದು, ಗಾಡಿ ಒಮ್ಮೆ ಜೋರಾಗಿ ಎಗರಿದ್ದರೂ ಆ ತಣ್ಣಗಾದ ಹೃದಯ ಲಯ ತಪ್ಪಿ ನಿಂತುಬಿಡಬಹುದಿತ್ತು, ಮೆಲ್ಲಗೆ ತಂದದ್ದೇ ಒಳ್ಳೆಯದಾಯಿತು ಎಂದರು. ಮೂರನೇ ದಿನ ಈರಣ್ಣ ಗಂಜಿ ಕುಡಿದ.

ದೂರು ವಾಪಸು ಪಡೆಯಬೇಕಿತ್ತು. ನಮ್ಮಂಥವರ ಮಾತು ಯಾರು ಕೇಳುತ್ತಾರೆ ಎಂದು ಬಿಟ್ಟೆ. ಪಾಳಿ, ಆಸ್ಪತ್ರೆ, ಮತ್ತೆ ಪಾಳಿ; ಸಾಕಾಗಿಹೋಗಿತ್ತು ಕೂಡ. ಆದರೆ ದೂರಿನ ಆ ಒಂದು ಮಾತನ್ನು ಮಾತ್ರ ಕೇಳಿದರು. ಚಾಚಾ ಅವರನ್ನು ಕೆಲಸದಿಂದ ತೆಗೆದರು.

ಪೋಂಡಾ ಬಸ್ ನಿಲ್ದಾಣದಲ್ಲಿ ಟ್ರಂಕಿನ ಮೇಲೆ ಕುಳಿತಿದ್ದರು. ಎದುರು ನಿಂತು, ದೂರು ಕೊಟ್ಟವನು ನಾನೇ ಎಂದೆ.

"ಗೊತ್ತೈತಿ" ಎಂದರು, ನನ್ನತ್ತ ನೋಡದೆ. "ಬದುಕಿದವ್ರ ಮನಿಯವ್ರೇ ದೂರು ಕೊಡತಾರಪಾ. ಸತ್ತವ್ರ ಮನಿಯವ್ರಿಗೆ ಅಷ್ಟು ಪುರಸೊತ್ತು ಎಲ್ಲಿರತೈತಿ?"

ಬಸ್ಸು ಬಂತು, ಹತ್ತಿಹೋದರು.

ಚಾಚಾ ಒಂದು ಮಾತೂ ಹೇಳದೆ ಯಾಕೆ ಊರಿಗೆ ಹೋದರೆಂದು ಈರಣ್ಣ ಈಗಲೂ ಕೇಳುತ್ತಾನೆ. ವಯಸ್ಸಾಗಿತ್ತು ಎನ್ನುತ್ತೇನೆ.