ಗೀರು ಹುಡುಕುವವನು

ರಾಮನಗರದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಕ್ರೈಸ್ತ ಗೆಳೆಯ ಬಿಡದಿಯ ಕಾರ್ಖಾನೆಯೊಂದರಲ್ಲಿ ಹೊಸ ಕಾರುಗಳ ಮೈ ಸವರಿ ಗೀರು ಹುಡುಕುತ್ತಿದ್ದ. ಚರ್ಚಿನ ಫಾದರ್ ಬಳಿ ಪಾಪನಿವೇದನೆಗೆ ಹೋಗುವ ಮುನ್ನ ನಮ್ಮ ಜಗಲಿಯಲ್ಲಿ ಕೂತು, ಅದೇ ಬೆರಳನ್ನು ಎದೆಯ ಮೇಲಾಡಿಸುತ್ತ ತನ್ನ ತಪ್ಪುಗಳನ್ನು ನೆನೆಯುತ್ತಿದ್ದ.

"ಇಷ್ಟು ಸಣ್ಣದನ್ನೂ ಹೇಳ್ಬೇಕೇನಯ್ಯಾ?" ಎಂದರೆ, "ಗೀರು ಗೀರೇ ಕಣಣ್ಣ, ಸಣ್ಣದೇನು ದೊಡ್ಡದೇನು" ಎನ್ನುತ್ತಿದ್ದ. ಇಲ್ಲದ ಚಿಂತೆಗಳನ್ನು ಹುಡುಕಿಕೊಳ್ಳುವ ನನಗೆ ಇವನು ತಕ್ಕ ಜೊತೆ.

ಒಂದು ಈಸ್ಟರ್ ಹಬ್ಬದ ಹಿಂದಿನ ದಿನ ಬಂದವನು ಕೂರಲೇ ಇಲ್ಲ.

"ಅಣ್ಣ, ಎಲ್ಡು ವರ್ಷದ ಹಿಂದೆ ನಿಮ್ಮ ಹೊಸ ಸ್ಕೂಟರ್‌ಗೆ ಗೀರಾಗಿತ್ತಲ್ಲ, ಅದು ನನ್ನ ಸೈಕಲ್ ತಾಗಿ ಆಗಿದ್ದು. ಹೇಳನಾ ಅಂತ ಎಲ್ಡು ಸಲ ಬಂದು ಕಾಫಿ ಕುಡ್ದು ಹೊಂಟೋದೆ. ಮೊದ್ಲು ಅವರ ಕ್ಷಮೆ ಕೇಳ್ಬುಟ್ಟು ಬಾ ಅಂದವ್ರೆ ಫಾದರ್."

ಆ ಗೀರು ಹೆಂಡತಿಯ ತಮ್ಮನ ಕೆಲಸವೆಂದು ಅವನನ್ನು ಬೈದು, ಎರಡು ವರ್ಷದಿಂದ ಮಾತು ಬಿಟ್ಟಿದ್ದೆ. ಬಾಗಿಲಲ್ಲಿ ಹೆಂಡತಿ ಎಲ್ಲ ಕೇಳಿಸಿಕೊಂಡು ನಿಂತಿದ್ದಳು.

"ಕ್ಷಮಿಸಿದೀನಿ, ಹೋಗಯ್ಯಾ" ಎಂದೆ. ಅವನು ಹಗುರಾಗಿ ಸೈಕಲ್ ಹತ್ತಿದ.

ಹೆಂಡತಿ ಸ್ಕೂಟರಿನ ಕೀಲಿಯನ್ನು ನನ್ನ ಕೈಗಿಟ್ಟಳು. "ನೀವೂ ಒಸಿ ನಮ್ಮೂರು ಕೈಲಾಂಚಕ್ಕೆ ಹೋಗ್ಬುಟ್ಟು ಬನ್ನಿ. ನನ್ನ ತಮ್ಮ ಮನೇಲೇ ಅವ್ನೆ."

ಹೋದೆ. ಅಲ್ಲಿ ಎರಡು ಲೋಟ ಕಾಫಿ ಕುಡಿದೆ. ಮೂರನೆಯದು ಬರುವಷ್ಟರಲ್ಲಿ ಹೇಗೋ ಬಾಯಿ ಬಿಟ್ಟೆ.